ಜಲ್ಲಿಗಾಡಿಯ ಜೇಕಬ್ ರಿವರ್ಸ್

ರೈಲುಬಂಡಿಯಲ್ಲಿ ಪ್ರಯಾಣ ಮಾಡತಕ್ಕವರು ಇಂಜಿನನ್ನು ನೋಡುತ್ತಾರೆ, ನಿಲ್ದಾಣವನ್ನು ನೋಡುತ್ತಾರೆ, ಹಸಿರು ಬಾವುಟವನ್ನು ಹಿಡಿದ ಗಾರ್ಡನನ್ನೂ ನೋಡುತ್ತಾರೆ; ಕಂಬಿಯ ಕೆಳಗೆ ಹಾಸಿರುವ ಜಲ್ಲಿಯನ್ನು ನೋಡುವವರು ವಿರಳ. ಬಂಡಿಯ ಭಾರವು ಗಾಲಿಯಿಂದ ಕಂಬಿಗೂ, ಕಂಬಿಯಿಂದ ಅದರಡಿಯ ಅಡ್ಡಮರಗಳಿಗೂ, ಅಡ್ಡಮರದಿಂದ ಈ ಜಲ್ಲಿಗೂ ಇಳಿದು, ಕಡೆಗೆ ಭೂಮಿಗೆ ಸೇರುತ್ತದೆ. ಜಲ್ಲಿಯ ಕಲ್ಲು ದುಂಡಗಿರಬಾರದು. ಅಂಚುಳ್ಳದ್ದಾಗಿ ಒಂದಕ್ಕೊಂದು ಕಚ್ಚಿಕೊಂಡು ನಿಲ್ಲಬೇಕು. ಮಳೆಯ ನೀರು ಅದರ ಸಂದಿನಲ್ಲಿ ಇಳಿದುಹೋಗಬೇಕು. ನೀರು ನಿಂತರೆ ಕೆಳಗಿನ ಮಣ್ಣು ಕೆಸರಾಗಿ ಮೇಲಕ್ಕೆ ಉಕ್ಕಿ ಕಂಬಿಯು ಕುಸಿಯುತ್ತದೆ. ಒಂದೊಂದು ಬಂಡಿ ಹಾದುಹೋದಾಗಲೂ ಅಡ್ಡಮರಗಳು ಕೂದಲೆಳೆಯಷ್ಟು ತಗ್ಗುವುವು. ಆದ್ದರಿಂದ ಆಳುಗಳು ಕಂಬಿಯನ್ನು ಎತ್ತಿ, ಹೊಸ ಜಲ್ಲಿಯನ್ನು ಸುರಿದು, ಸಲಾಕೆಗಳಿಂದ ಅಡಿಗೆ ತುರುಕಿ, ಮಟ್ಟವನ್ನು ಸರಿಮಾಡುತ್ತ ಹೋಗಬೇಕು. ಇತ್ತ ಸರಿಮಾಡಿ ಮುಂದೆ ಹೋದರೆ ಹಿಂದೆ ಮಾಡಿದ್ದು ಮತ್ತೆ ತಗ್ಗಲು ಮೊದಲಾಗುತ್ತದೆ. ನಮ್ಮ ಗೃಹಿಣಿಯರ ಅಡಿಗೆಮನೆಯ ಕೆಲಸದಂತೆ ಈ ಕೆಲಸಕ್ಕೂ ಮುಗಿತಾಯವೆಂಬುದಿಲ್ಲ. ಚೆನ್ನಾಗಿ ನಡೆದಾಗ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ಕೆಲವು ಯಂತ್ರಗಳು ಈ ಕೆಲಸವನ್ನು ಮಾಡುತ್ತವೆ. ನೂರು ವರ್ಷಗಳಿಗೂ ಹಿಂದೆ ಎಲ್ಲವೂ ಮನುಷ್ಯನ ತೋಳಿನಿಂದಲೇ ಆಗಬೇಕಾಗಿದ್ದಿತು. ಜಲ್ಲಿಯನ್ನು ತುಂಬಿಕೊಂಡು ಹೋಗುವ ಗಾಡಿಯೊಂದು, ಅದರ ಜತೆಗೆ ಸಲಿಕೆ ಹಿಡಿದ ಕೂಲಿಯಾಳುಗಳ ತಂಡವೊಂದು. ಇಂಗ್ಲೆಂಡಿನ ಡರ್ಬಿ ಎಂಬ ಊರಿನಲ್ಲಿ, ಮಿಡ್‌ಲ್ಯಾಂಡ್ ರೈಲ್ವೆ ಎಂಬ ಕಂಪನಿಯ ಇಂತಹ ಜಲ್ಲಿಗಾಡಿಯಲ್ಲಿ ಕೂಲಿ ಮಾಡಿಕೊಂಡಿದ್ದ ಜೇಕಬ್ ರಿವರ್ಸ್ ಎಂಬಾತನ ವೃತ್ತಾಂತವನ್ನು ಈ ತಿಂಗಳು ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ. ಆತನು ನಮ್ಮ ದೇಶದಲ್ಲಿ ಹಲವು ವರ್ಷ ಬಾಳಿದವನು. ಮಡಿದುದು ನಮ್ಮ ದೇಶದ ಸಾವಿರಾರು ಮಂದಿ ಮಡಿದ ರಣಭೂಮಿಯಲ್ಲಿಯೇ. ಅಷ್ಟರಮಟ್ಟಿಗೆ ಆತನು ನಮಗೆ ಅನ್ಯನಲ್ಲ.

ಡರ್ಬಿಯು ಇಂಗ್ಲೆಂಡಿನ ನಡುಭಾಗದಲ್ಲಿರುವ ಊರು. ಆ ಕಾಲದಲ್ಲಿ ಅಲ್ಲಿ ರೈಲ್ವೆಗಳು ಸರ್ಕಾರದ ಸೊತ್ತಾಗಿರಲಿಲ್ಲ. ಬೇರೆ ಬೇರೆ ಕಂಪನಿಗಳ ಸೊತ್ತಾಗಿದ್ದುವು. ಮಿಡ್‌ಲ್ಯಾಂಡ್ ಕಂಪನಿಯು 1844ನೆಯ ಇಸವಿಯಲ್ಲಿ ಹುಟ್ಟಿ, ಡರ್ಬಿಯನ್ನೇ ತನ್ನ ಮುಖ್ಯಸ್ಥಾನವನ್ನಾಗಿ ಮಾಡಿಕೊಂಡಿದ್ದಿತು. ಇಂಜಿನುಗಳನ್ನು ಕಟ್ಟುವ ಕಾರ್ಖಾನೆ, ಬಂಡಿಗಳನ್ನು ಕಟ್ಟುವ ಕಾರ್ಖಾನೆ, ಕಚೇರಿ ಎಲ್ಲವೂ ಅಲ್ಲಿಯೇ. ಊರಿನ ಅನೇಕ ಮನೆಗಳಲ್ಲಿ ಒಲೆ ಹೊತ್ತುತ್ತಿದ್ದುದು ಕಂಪನಿಯ ಸಂಬಳದಿಂದ. ಈ ಊರಿನ ಬ್ರಿಡ್ಜ್‌ಗೇಟ್ ಎಂಬ ಬೀದಿಯಲ್ಲಿ 1881ನೆಯ ಇಸವಿ ನವಂಬರ್ ತಿಂಗಳಲ್ಲಿ ಜೇಕಬ್ ಹುಟ್ಟಿದನು. ಬಡವರ ಮಕ್ಕಳ ಬಾಲ್ಯವನ್ನು ಯಾರು ಬರೆದಿಡುತ್ತಾರೆ? ದಾಖಲೆಗಳಲ್ಲಿ ಆತನು ಎದ್ದು ಕಾಣಿಸಿಕೊಳ್ಳುವುದು 1899ರಲ್ಲಿ, ಹದಿನೇಳು ಹದಿನೆಂಟರ ವಯಸ್ಸಿನಲ್ಲಿ, ರಾಯಲ್ ಸ್ಕಾಟ್ಸ್ ಫ್ಯೂಸಿಲಿಯರ್ಸ್ ಎಂಬ ಪಲ್ಟಣದ ಸಿಪಾಯಿಯಾಗಿ.

ಆ ಪಲ್ಟಣದೊಡನೆ ಆತನು ಹಿಂದೂಸ್ಥಾನಕ್ಕೆ ಬಂದು, ತನ್ನ ಸೈನ್ಯಜೀವನದ ಬಹುಭಾಗವನ್ನು ಇಲ್ಲಿಯೇ ಕಳೆದನು. ಆಗ ನಮ್ಮ ದಂಡುಪ್ರದೇಶಗಳಲ್ಲಿ ಇಂತಹ ಗೋರಾ ಸಿಪಾಯಿಗಳು ಎಷ್ಟೋ ಮಂದಿ ಇದ್ದರು. ನಮ್ಮ ಹಿರಿಯರಿಗೆ ಅವರ ವಿಷಯದಲ್ಲಿ ಭಯವಿದ್ದಿತೇ ಹೊರತು ಪರಿಚಯವಿರಲಿಲ್ಲ. ಅವರಲ್ಲಿ ಬಹುಮಂದಿ ತಮ್ಮ ಊರಿನಲ್ಲಿ ಹೊಟ್ಟೆಗೆ ಸಾಲದೆ ಹೊರಟುಬಂದ ಹುಡುಗರೆಂಬುದು, ಅಧಿಕಾರದ ಕೆಂಪು ಅಂಗಿಯ ಮರೆಯಲ್ಲಿ ಕಾಣುತ್ತಿರಲಿಲ್ಲ. ಆಳುವ ಜನಾಂಗದವನೆಂಬ ಮಾತ್ರಕ್ಕೆ ಪ್ರತಿಯೊಬ್ಬನೂ ಆಳುವವನಾಗಿರಲಿಲ್ಲ. 1907ರಲ್ಲಿ ರಿವರ್ಸನು ಸೈನ್ಯದಿಂದ ಬಿಡುಗಡೆ ಹೊಂದಿ ಡರ್ಬಿಗೆ ಹಿಂದಿರುಗಿದನು. ಅನಂತರ ಜಲ್ಲಿಗಾಡಿಯ ಕೂಲಿಯಾದನು. ಸಮುದ್ರಗಳನ್ನು ದಾಟಿ ಬಂದವನಿಗೆ ದೊರೆತದ್ದು ಒಂದು ಸಲಿಕೆ. ಇದನ್ನು ನಾವು ಕುಂದಾಗಿ ಹೇಳುತ್ತಿಲ್ಲ. ಸಲಿಕೆಯ ಕೆಲಸವೆಷ್ಟು ಮುಖ್ಯವೆಂಬುದನ್ನು ಮೊದಲೇ ಹೇಳಿದ್ದೇವೆ.

1914ನೆಯ ಇಸವಿ ಆಗಸ್ಟ್ 4ರಂದು ಬ್ರಿಟನ್ ದೇಶವು ಜರ್ಮನಿಯ ಮೇಲೆ ಯುದ್ಧವನ್ನು ಸಾರಿತು. ಸಾರಿದೊಡನೆಯೇ ಸರ್ಕಾರವು ಕಂಪನಿಗಳ ರೈಲ್ವೆಗಳನ್ನೆಲ್ಲ ತನ್ನ ಹತೋಟಿಗೆ ತೆಗೆದುಕೊಂಡಿತು. ಕಾರಣವು ಸ್ಪಷ್ಟವಾದುದು: ಸೈನ್ಯವು ಫ್ರಾನ್ಸಿಗೆ ಹೋಗಬೇಕಾದರೆ ಮೊದಲು ಸೌತಾಂಪ್ಟನ್ ಬಂದರಿಗೆ ಹೋಗಬೇಕು, ಬಂದರಿಗೆ ಆಳು, ಕುದುರೆ, ಫಿರಂಗಿ ಎಲ್ಲವೂ ಸಾಗಬೇಕಾದುದು ರೈಲಿನಲ್ಲಿ. ರೈಲ್ವೆಯ ನೌಕರರು ಗುಂಪುಗುಂಪಾಗಿ ಸೈನ್ಯಕ್ಕೆ ಸೇರಿಬಿಟ್ಟರೆ ಬಂಡಿಗಳನ್ನು ನಡೆಸುವವರಾರು? ಆದ್ದರಿಂದ ಸ್ವಲ್ಪ ಕಾಲದಲ್ಲಿಯೇ, ಮೇಲಧಿಕಾರಿಯ ಒಪ್ಪಿಗೆಯಿಲ್ಲದೆ ರೈಲ್ವೆಯವರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಕೂಡದೆಂಬ ಕಟ್ಟಳೆ ಹುಟ್ಟಿತು. ಹಾಗಿದ್ದರೂ ಆ ಯುದ್ಧದ ಅವಧಿಯಲ್ಲಿ ಮಿಡ್‌ಲ್ಯಾಂಡ್ ಕಂಪನಿಯೊಂದರಿಂದಲೇ ಸುಮಾರು 23,000 ಮಂದಿ, ಎಂದರೆ ಅದರ ಕೆಲಸಗಾರರಲ್ಲಿ ಮೂರರಲ್ಲೊಂದು ಪಾಲು, ಸೈನ್ಯಕ್ಕೆ ಹೋದರು. ಅವರು ಬಿಟ್ಟುಹೋದ ಎಷ್ಟೋ ಕೆಲಸಗಳಿಗೆ ಹೆಂಗಸರು ಬಂದರು. ಟಿಕೇಟುಗಳನ್ನು ಪಡೆಯುವುದು, ಬಂಡಿಗಳನ್ನು ತೊಳೆಯುವುದು, ಮೂಟೆಗಳನ್ನು ಸಾಗಿಸುವುದು ಮುಂತಾದುವನ್ನು ಅವರು ಚೆನ್ನಾಗಿ ನಡೆಸಿದರು. ಯುದ್ಧ ಮುಗಿದ ಮೇಲೆ ಅವರಲ್ಲಿ ಬಹುಮಂದಿಯನ್ನು ಮನೆಗೆ ಕಳುಹಿಸಿಬಿಟ್ಟರು. ಆ ಕಥೆ ಬೇರೆಯೇ ಒಂದು ಲೇಖನಕ್ಕೆ ತಕ್ಕುದಾಗಿದೆ.

ರಿವರ್ಸನು ಕಟ್ಟಳೆಗಳಿಗಾಗಿ ಕಾಯಲಿಲ್ಲ. ಆಗಸ್ಟ್ ತಿಂಗಳಲ್ಲಿಯೇ ತಾನಾಗಿ ಹೋಗಿ ಶರ್ವುಡ್ ಫಾರೆಸ್ಟರ್ಸ್ ಎಂಬ, ತನ್ನ ಸೀಮೆಯದೇ ಆದ ಪಲ್ಟಣಕ್ಕೆ ಹೆಸರು ಕೊಟ್ಟನು. ಆಗ ಆತನಿಗೆ ಮೂವತ್ತೆರಡು ವಯಸ್ಸು; ಬಾಲ್ಯದ ಉತ್ಸಾಹವು ಇಳಿದು ಅನುಭವವು ಬಂದಿದ್ದ ಕಾಲ. ಆತನು ಸೇರಿದ ಆ ಪಲ್ಟಣದ 1ನೆಯ ತುಕಡಿಯು ಯುದ್ಧವು ಸಾರಲ್ಪಟ್ಟಾಗ ಮುಂಬಯಿಯಲ್ಲಿದ್ದಿತು! ಅಲ್ಲಿಂದ ಹಡಗಿನಲ್ಲಿ ಸ್ವದೇಶಕ್ಕೆ ಬಂದು, 8ನೆಯ ಡಿವಿಜನ್ನಿಗೆ ಸೇರಿ, ನವಂಬರ್ ಮೊದಲ ವಾರದಲ್ಲಿ ಫ್ರಾನ್ಸಿನ ನೆಲವನ್ನು ಮುಟ್ಟಿತು. ಮುಂಬಯಿಯ ಬಿಸಿಲಿನಿಂದ ಬಂದವರು ಆ ವರ್ಷದ ಚಳಿಗಾಲವನ್ನು ಫ್ಲಾಂಡರ್ಸಿನ ಅಂಚಿನ ಕೆಸರುಕಂದಕಗಳಲ್ಲಿ ಕಳೆದರು. ಅವರ ಪಕ್ಕದ ಕಂದಕಗಳಲ್ಲಿ ಚಳಿಯನ್ನು ಅನುಭವಿಸುತ್ತಿದ್ದವರಾರೆಂದರೆ ಗಡವಾಲಿಗಳು, ಗೂರ್ಖರು, ಸಿಖ್ಖರು, ಪಠಾಣರು. ಲಾಹೋರ್ ಮತ್ತು ಮೀರತ್ ಎಂಬ ಎರಡು ಭಾರತೀಯ ಡಿವಿಜನ್ನುಗಳು ಆ ಶರತ್ಕಾಲದಲ್ಲಿಯೇ ಅಲ್ಲಿಗೆ ಬಂದಿದ್ದುವು.

ಹೀಗೆ ನಾವು ನ್ಯೂವ್ ಶಾಪೆಲ್ ಎಂಬ ಗ್ರಾಮಕ್ಕೆ ಬರುತ್ತೇವೆ. ಫ್ರಾನ್ಸಿನ ಉತ್ತರದಲ್ಲಿ ತಗ್ಗಾದ ಹೊಲಗಳ ನಡುವೆ ಇರುವ ಚಿಕ್ಕ ಹಳ್ಳಿ ಅದು. ಎರಡು ಕಡೆಯ ಸೈನ್ಯಗಳೂ ನೆಲವನ್ನು ತೋಡಿ ಕುಳಿತ ಮೇಲೆ, ಬ್ರಿಟಿಷರು ತಾವೇ ಯೋಚಿಸಿ ಹೂಡಿದ ಮೊದಲ ದೊಡ್ಡ ದಾಳಿಯು ಇಲ್ಲಿ ನಡೆಯಿತು. 1915ರ ಮಾರ್ಚ್ 10ರಂದು ಬೆಳಗ್ಗೆ ಏಳೂವರೆ ಗಂಟೆಗೆ ಮುನ್ನೂರಕ್ಕೂ ಹೆಚ್ಚು ಫಿರಂಗಿಗಳು ಒಟ್ಟಿಗೆ ಬಾಯಿ ಬಿಟ್ಟು, ಮೂವತ್ತೈದು ನಿಮಿಷಗಳ ಕಾಲ ಗುಂಡಿನ ಮಳೆಯನ್ನು ಸುರಿಸಿದುವು. ಅನಂತರ ಕಾಲಾಳುಗಳು ಏರಿಹೋದರು. ಏರಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಭಾರತೀಯ ಕೋರಿಗೆ ಸೇರಿದವರು. ಗ್ರಾಮವು ಅಂದೇ ಕೈವಶವಾಯಿತು.

ಆದರೆ ಮುಂದೆ? ಫಿರಂಗಿಗಳು ಕೆಲವೆಡೆ ಮುಳ್ಳುತಂತಿಯನ್ನು ಕತ್ತರಿಸಿರಲಿಲ್ಲ. ಅಲ್ಲಿ ಹೋದವರು ಹೋದ ಹಾಗೆಯೇ ಮಡಿದರು. ಟೆಲಿಫೋನಿನ ತಂತಿಗಳು ಗುಂಡಿನಿಂದ ಹರಿದುಹೋಗಿ, ಮುಂದಿದ್ದವರ ಸುದ್ದಿ ಹಿಂದಿದ್ದ ಸೇನಾಪತಿಗಳಿಗೆ ತಲಪಲು ಗಂಟೆಗಟ್ಟಲೆ ಹಿಡಿಯಿತು. ಅಪ್ಪಣೆಗಾಗಿ ಕಾಯುತ್ತ ಸೈನ್ಯವು ನಿಂತಿತು. ಆ ಬಿಡುವಿನಲ್ಲಿ ಜರ್ಮನರು ಹೊಸ ಆಳುಗಳನ್ನು ತಂದುಕೊಂಡರು. ಗುಂಡುಗಳ ಸಂಗ್ರಹವೂ ತೀರುತ್ತ ಬಂದಿತು. ಮಾರ್ಚ್ 12ರ ಬೆಳಗಿನ ಜಾವದಲ್ಲಿ ಜರ್ಮನರೇ ಎದುರುದಾಳಿ ಮಾಡಿದರು. ಆ ದಿನವೇ ರಿವರ್ಸನ ಕಡೆಯ ದಿನ.

ಆತನ ತುಕಡಿಯ ಒಂದು ಕಂಪನಿಯು ಉಳಿದವರಿಗಿಂತ ಮುಂದೆ ಸರಿದು ನಿಂತಿದ್ದಿತು. ಅದರ ಪಾರ್ಶ್ವದಲ್ಲಿ ಶತ್ರುಗಳು ದೊಡ್ಡ ಗುಂಪಾಗಿ ಕೂಡಿಕೊಂಡರು. ಅವರು ಒಳನುಗ್ಗಿದ್ದರೆ ಆ ಕಂಪನಿಯು ಕತ್ತರಿಯ ನಡುವೆ ಸಿಕ್ಕಿದಂತಾಗುತ್ತಿದ್ದಿತು. ರಿವರ್ಸನು ಯಾರ ಅಪ್ಪಣೆಗೂ ಕಾಯದೆ, ಕೈಬಾಂಬುಗಳನ್ನು ತೆಗೆದುಕೊಂಡು ಒಬ್ಬನೇ ತೆವಳಿಕೊಂಡು ಹೋಗಿ, ಶತ್ರುಗಳಿಗೆ ಕೆಲವೇ ಗಜಗಳ ದೂರದಿಂದ ಅವುಗಳನ್ನು ಎಸೆದನು. ಗುಂಪು ಹಿಂಜರಿಯಿತು, ಕಂಪನಿಯು ಉಳಿಯಿತು. ಅಂದೇ ಇನ್ನೊಮ್ಮೆ ಅಂತಹದೇ ಪ್ರಸಂಗವೊದಗಿತು. ಇನ್ನೊಮ್ಮೆಯೂ ಆತನು ಹೋದನು. ಇನ್ನೊಮ್ಮೆಯೂ ಶತ್ರುಗಳು ಹಿಂಜರಿದರು. ಈ ಸಲ ಆತನು ಹಿಂದಿರುಗಲಿಲ್ಲ.

ಆ ಕಾಲದ ಕೈಬಾಂಬಿನ ವಿಷಯವಾಗಿ ಒಂದು ಮಾತನ್ನು ಹೇಳಬೇಕು. 1915ರ ಮೊದಲ ತಿಂಗಳುಗಳಲ್ಲಿ ಬ್ರಿಟಿಷ್ ಸೈನ್ಯದಲ್ಲಿ ಒಳ್ಳೆಯ ಕೈಬಾಂಬುಗಳು ಸಾಲದೆ, ಹಣ್ಣಿನ ಮುರಬ್ಬದ ಖಾಲಿ ಡಬ್ಬಿಗಳಲ್ಲಿ ಮದ್ದನ್ನೂ ಕಬ್ಬಿಣದ ಚೂರುಗಳನ್ನೂ ತುಂಬಿ, ಬತ್ತಿಯಿಟ್ಟು ಸಿಪಾಯಿಗಳೇ ತಯಾರಿಸಿಕೊಳ್ಳುತ್ತಿದ್ದರು. ಬತ್ತಿಯು ಬೇಗ ಉರಿದರೆ ಎಸೆಯುವವನ ಕೈ ಹೋಗುವುದು. ತಡವಾಗಿ ಉರಿದರೆ ಶತ್ರುವು ಅದನ್ನೇ ಹಿಂದಕ್ಕೆ ಎಸೆಯುವನು. ಬಾಂಬೆಸೆಯುವವನು ಶತ್ರುವಿನ ಮುಖವು ಕಾಣುವಷ್ಟು ಹತ್ತಿರಕ್ಕೆ ಹೋಗಬೇಕಾಗಿದ್ದಿತು. ಮೊದಲನೆಯ ಸಲ ಹೋಗುವುದು ಆವೇಶದಿಂದಲೂ ಆಗಬಹುದು. ಹೋಗಿಬಂದು, ಅಲ್ಲಿ ಏನಿದೆಯೆಂದು ಚೆನ್ನಾಗಿ ತಿಳಿದುಕೊಂಡ ಮೇಲೆ ಎರಡನೆಯ ಸಲ ಹೋಗುವುದಿದೆಯಲ್ಲ, ಅದನ್ನು ನಾವು ಬೇರೆ ಜಾತಿಯ ಧೈರ್ಯವೆಂದು ಎಣಿಸುತ್ತೇವೆ. ತಗ್ಗಿದ ಕಂಬಿಯನ್ನು ಮತ್ತೆ ಮತ್ತೆ ಎತ್ತಿ ಕಟ್ಟುವ ಕೆಲಸವು ಮನುಷ್ಯನಿಗೆ ಇಂತಹ ಸ್ವಭಾವವನ್ನು ಕೊಡುತ್ತದೆಯೆಂದು ಹೇಳುವ ಆಸೆ ನಮಗಾಗುತ್ತದೆ. ಆದರೆ ಅದು ಕಾವ್ಯವಾದೀತು, ಚರಿತ್ರೆಯಾಗದು.

ಇದೇ ರಣದಲ್ಲಿ ಎರಡು ದಿನಗಳ ಹಿಂದೆ, ಮಾರ್ಚ್ 10ರಂದು, ಗಬರ್ ಸಿಂಹ ನೇಗಿ ಎಂಬ ಗಡವಾಲಿ ಸಿಪಾಯಿಯು ಮಡಿದಿದ್ದನು. ಆತನ ಊರು ಹಿಮಾಲಯದ ತಪ್ಪಲಿನ ಟೆಹರಿ ಸೀಮೆಯಲ್ಲಿ ಚಂಬಾ ಎಂಬ ಊರಿನ ಹತ್ತಿರ. ವಯಸ್ಸು ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆತನೂ ಬಾಂಬಿನ ತಂಡದೊಡನೆಯೇ ಜರ್ಮನರ ಮುಖ್ಯ ಕಂದಕವನ್ನು ಹೊಕ್ಕು, ಕಂದಕದ ಒಂದೊಂದು ತಿರುವಿನಲ್ಲಿಯೂ ಎಲ್ಲರಿಗಿಂತ ಮೊದಲು ತಾನೇ ನುಗ್ಗಿ, ಎದುರಾಳಿಗಳು ಶರಣಾಗುವವರೆಗೂ ಅಟ್ಟಿಕೊಂಡು ಹೋಗಿ ಮಡಿದನು. ಡರ್ಬಿಯ ಜಲ್ಲಿಕೂಲಿಗೂ ಗಡವಾಲದ ಬೆಟ್ಟದ ಹುಡುಗನಿಗೂ ಮರಣಾನಂತರ ದೊರೆತುದು ಒಂದೇ ಪದಕ, ವಿಕ್ಟೋರಿಯಾ ಕ್ರಾಸ್. 1856ರಲ್ಲಿ ಸ್ಥಾಪಿತವಾದ ಈ ಪದಕವನ್ನು ಭಾರತೀಯ ಸಿಪಾಯಿಗಳಿಗೆ ಕೊಡಬಹುದೆಂದಾದುದು 1911ರಲ್ಲಿ ಮಾತ್ರ. ಸತ್ತವರಿಗೆ ಕೊಡುವ ಪದ್ಧತಿಯೂ ಆ ಶತಮಾನದ ಆದಿಯಲ್ಲಿಯೇ ಬಂದದ್ದು.

ಇಬ್ಬರ ದೇಹಗಳೂ ಗುರುತಿಸಲ್ಪಟ್ಟ ಸಮಾಧಿಯನ್ನು ಸೇರಲಿಲ್ಲ. ನಾಲ್ಕು ದಿನಗಳ ಆ ಯುದ್ಧದಲ್ಲಿ ಬ್ರಿಟಿಷರ ಪಕ್ಷದಲ್ಲಿ ಸತ್ತವರು, ಗಾಯಗೊಂಡವರು, ಕಾಣದೆ ಹೋದವರು ಎಲ್ಲ ಸೇರಿ ಹನ್ನೊಂದು ಸಾವಿರಕ್ಕೂ ಹೆಚ್ಚು ಮಂದಿ. ಅವರಲ್ಲಿ ಭಾರತೀಯರು ನಾಲ್ಕು ಸಾವಿರಕ್ಕೂ ಹೆಚ್ಚು. ಗೆದ್ದುಕೊಂಡದ್ದು ಒಂದು ಹಾಳು ಹಳ್ಳಿ, ಅದರ ಸುತ್ತಲಿನ ಕೆಲವು ಹೊಲಗಳು.

ಮಹಾಭಾರತದಲ್ಲಿ ಸ್ತ್ರೀಪರ್ವವೆಂಬ ಒಂದು ಚಿಕ್ಕ ಪರ್ವವಿದೆ. ನಾವು ಪಾಠ ಹೇಳುತ್ತಿದ್ದ ಕಾಲದಲ್ಲಿ ಹುಡುಗರು ದ್ರೋಣಪರ್ವವನ್ನೂ ಕರ್ಣಪರ್ವವನ್ನೂ ಕೇಳಿ ಕೇಳಿ ಓದಿಸಿಕೊಳ್ಳುತ್ತಿದ್ದರು. ಸ್ತ್ರೀಪರ್ವವನ್ನು ಬೇಕೆಂದು ಕೇಳಿದವರಿಲ್ಲ. ಯುದ್ಧ ಮುಗಿದ ಮೇಲೆ ಗಾಂಧಾರಿಯೂ ಕುರುಕುಲದ ಸೊಸೆಯರೂ ಕುರುಕ್ಷೇತ್ರಕ್ಕೆ ಹೋಗುತ್ತಾರೆ. ತಮ್ಮ ತಮ್ಮವರ ದೇಹಗಳನ್ನು ಹುಡುಕುತ್ತಾರೆ. ಮುಖವನ್ನು ಕಂಡು, ಮುಟ್ಟಿ, ಅಳುತ್ತಾರೆ. ಅನಂತರ ಗಂಗೆಯ ತೀರದಲ್ಲಿ ಹೆಸರು ಹಿಡಿದು ಜಲವನ್ನು ಬಿಡುತ್ತಾರೆ. ಆ ಘಳಿಗೆಯಲ್ಲಿಯೇ ಕುಂತಿಯು, ಅಷ್ಟು ಕಾಲ ಮುಚ್ಚಿಟ್ಟಿದ್ದ ಮಾತನ್ನು ಹೊರಗೆಡವಿ, ಕರ್ಣನು ನಿಮ್ಮ ಅಣ್ಣ, ಅವನಿಗೂ ನೀರು ಬಿಡಿರಿ ಎಂದು ಮಕ್ಕಳಿಗೆ ಹೇಳುವುದು. ತಾಯಿಯಾದವಳಿಗೆ ಮಗನ ಕೀರ್ತಿಗಿಂತ ಮಗನ ಹೆಸರು ಹಿಡಿದು ಬಿಡುವ ಆ ಒಂದು ಬೊಗಸೆ ನೀರು ಹೆಚ್ಚೆಂದು ವ್ಯಾಸರು ತಿಳಿದಿದ್ದರು. ಇಪ್ಪತ್ತನೆಯ ಶತಮಾನದ ಯುದ್ಧವು ಹೆಂಗಸರಿಂದ ಅದನ್ನೂ ಕಸಿದುಕೊಂಡಿತು. ನೋಡಲು ಮುಖವಿಲ್ಲ, ಮುಟ್ಟಲು ದೇಹವಿಲ್ಲ, ಹೂವಿಡಲು ಗೋರಿಯಿಲ್ಲ. ಬಾಗಿಲಿಗೆ ಬಂದು ಬಿದ್ದದ್ದು ಒಂದು ಕಾಗದ.

ರಿವರ್ಸನ ತಾಯಿಯು ಡರ್ಬಿಯಲ್ಲಿದ್ದಳು. ಮಗನು ಸತ್ತ ಮೂರು ತಿಂಗಳ ಮೇಲೆ, 1915ರ ಜೂನ್ ತಿಂಗಳಿನ ಕೊನೆಯಲ್ಲಿ, ಸರ್ಕಾರದ ಗೆಜೆಟ್ಟಿನಲ್ಲಿ ಆತನ ಸಾಹಸದ ವಿವರವು ಅಚ್ಚಾಯಿತು. ಅದು ಕೆಲವೇ ಪಂಕ್ತಿಗಳದು. ಮೂವತ್ತಮೂರು ವರ್ಷಗಳ ಆತನ ಬಾಳಿನಲ್ಲಿ ಒಂದು ದಿನದ ಕೆಲವು ಗಂಟೆಗಳ ವಿಷಯ ಮಾತ್ರ. 1916ರಲ್ಲಿ ಆ ತಾಯಿಯನ್ನು ಲಂಡನ್ನಿಗೆ, ಬಕಿಂಗ್‌ಹ್ಯಾಮ್ ಅರಮನೆಗೆ ಕರೆಸಿದರು. ಐದನೆಯ ಜಾರ್ಜ್ ದೊರೆಯು ತನ್ನ ಕೈಯಿಂದಲೇ ಪದಕವನ್ನು ಆಕೆಗೆ ಕೊಟ್ಟನು. ಕಂಚಿನ ಶಿಲುಬೆ, ಕೆಂಪು ಪಟ್ಟಿ. ಕೂಲಿಯವನ ತಾಯಿಗೆ ದೊರೆಯ ದರ್ಶನವಾಯಿತೆಂದು ಊರಿನವರು ಸಂತೋಷಪಟ್ಟಿರಲೂಬಹುದು. ಆಕೆಯು ಆ ಪದಕವನ್ನು ಮನೆಗೆ ತಂದು ಯಾವ ಪೆಟ್ಟಿಗೆಯಲ್ಲಿಟ್ಟಳೋ, ಎಷ್ಟು ಸಲ ತೆಗೆದು ನೋಡಿದಳೋ, ಗೆಜೆಟ್ಟುಗಳು ಅಂತಹುದನ್ನು ಬರೆಯುವುದಿಲ್ಲ. ಬಹುಕಾಲದ ಮೇಲೆ ಅದು ಆತನ ಪಲ್ಟಣದ ವಸ್ತುಸಂಗ್ರಹವನ್ನು ಸೇರಿತು.

ಸಮಾಧಿಯಿಲ್ಲದವರಿಗಾಗಿ ಯುದ್ಧಾನಂತರ ಗೋಡೆಗಳನ್ನು ಕಟ್ಟಿ ಹೆಸರುಗಳನ್ನು ಕೆತ್ತಿಸಿದರು. ನ್ಯೂವ್ ಶಾಪೆಲ್ಲಿಗೆ ಸಮೀಪದ ಲ ತೂರೆ ಎಂಬಲ್ಲಿ 1930ರಲ್ಲಿ ಅನಾವರಣಗೊಂಡ ಸ್ಮಾರಕದಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ, ರಿವರ್ಸನದು ಅವುಗಳಲ್ಲೊಂದು. ಗಬರ್ ಸಿಂಹನ ಹೆಸರು ಆ ಗೋಡೆಯಲ್ಲಿಲ್ಲ. ಅದು ಕೆಲವು ಮೈಲಿಗಳಾಚೆ, ನ್ಯೂವ್ ಶಾಪೆಲ್ಲಿನಲ್ಲಿಯೇ 1927ರ ಅಕ್ಟೋಬರ್ 7ರಂದು ಅನಾವರಣಗೊಂಡ ಭಾರತೀಯ ಸ್ಮಾರಕದಲ್ಲಿದೆ. ವೃತ್ತಾಕಾರವಾದ ಪ್ರಾಕಾರ, ಕಮಲದ ಬೋದಿಗೆಯುಳ್ಳ ಎತ್ತರವಾದ ಸ್ತಂಭ, ಅದರ ಬುಡದಲ್ಲಿ ಎರಡು ಕಲ್ಲಿನ ಹುಲಿಗಳು, ಗೋಡೆಯಲ್ಲಿ 4,700ಕ್ಕೂ ಹೆಚ್ಚು ಹೆಸರುಗಳು. ಒಂದೇ ಕೆಸರಿನಲ್ಲಿ ಬಿದ್ದವರನ್ನು ಕಲ್ಲಿನಲ್ಲಿ ಬೇರೆ ಬೇರೆ ಪಂಕ್ತಿಯಲ್ಲಿ ಕುಳ್ಳಿರಿಸಿದಂತಾಯಿತೆಂದು ಕೆಲವರಿಗೆ ತೋರಬಹುದು. ನಮಗೂ ಹಾಗೆ ತೋರದೆ ಇಲ್ಲ. ಆದರೆ ಇಲ್ಲಿ ಹೆಸರುಗಳಾದರೂ ಇವೆ. ಮೆಸೊಪೊಟೇಮಿಯಾದಲ್ಲಿ ಮಡಿದವರಿಗಾಗಿ ಬಸ್ರಾದಲ್ಲಿ ಕಟ್ಟಿಸಿದ ಸ್ಮಾರಕದಲ್ಲಿ ಭಾರತದ ಸಾಮಾನ್ಯ ಸಿಪಾಯಿಗಳ ಹೆಸರನ್ನು ಕೆತ್ತಿಸದೆ, ಪಲ್ಟಣಕ್ಕೆ ಇಷ್ಟು ಮಂದಿಯೆಂದು ಲೆಕ್ಕವನ್ನು ಮಾತ್ರ ಹಾಕಿದರು. ಈ ಸ್ಮಾರಕಗಳನ್ನು ನೋಡಿಕೊಳ್ಳುವ ಆಯೋಗವು 2021ರಲ್ಲಿ ಇಂತಹ ಭೇದಗಳನ್ನು ಒಪ್ಪಿಕೊಂಡು ಕ್ಷಮೆಯನ್ನು ಕೇಳಿತು. ನೂರು ವರ್ಷ ತಡೆದು ಬಂದ ಮಾತು, ಆದರೂ ಬಂದಿತು.

ಕನ್ನಡನಾಡಿನ ಹಳ್ಳಿಗಳ ಅಂಚಿನಲ್ಲಿ ವೀರಗಲ್ಲುಗಳನ್ನು ನಮ್ಮ ವಾಚಕರು ನೋಡಿಯೇ ಇರುವರು. ಕೆಳಗೆ ಕಾದಾಡುವ ಆಳು, ನಡುವೆ ಅವನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ತುರುಗಳನ್ನು ಬಿಡಿಸಿಕೊಳ್ಳುವಾಗ ಸತ್ತ ಒಕ್ಕಲಿನವನಿಗೂ ಕಲ್ಲು ನಿಲ್ಲಿಸಿದ್ದಾರೆ. ಆತಕೂರಿನ ಹತ್ತನೆಯ ಶತಮಾನದ ಶಾಸನದಲ್ಲಿ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗೂ ಹೆಸರು ಹೇಳಿ ಕಲ್ಲು ನಡೆಸಿದ ವಿಷಯವಿದೆ. ನಾಯಿಯ ಹೆಸರೂ ಅಳಿಯದಂತೆ ನೋಡಿಕೊಂಡ ಜನಕ್ಕೆ, ಹೆಸರಿಗೆ ಬದಲಾಗಿ ಸಂಖ್ಯೆಯನ್ನು ಕೆತ್ತಿದವರ ಬುದ್ಧಿ ಅರ್ಥವಾಗುವುದು ಕಷ್ಟ.

ಮಿಡ್‌ಲ್ಯಾಂಡ್ ಕಂಪನಿಯು ಈ ವಿಷಯದಲ್ಲಿ ಮೆಚ್ಚತಕ್ಕಂತೆ ನಡೆದುಕೊಂಡಿತು. ಹೋದ 23,000 ಮಂದಿಯಲ್ಲಿ ಹಿಂದಿರುಗಿ ಬಾರದವರು 2,833. ಡರ್ಬಿಯ ನಿಲ್ದಾಣದ ಹತ್ತಿರ, ಮಿಡ್‌ಲ್ಯಾಂಡ್ ರಸ್ತೆಯಲ್ಲಿ, ಕಂಪನಿಯು 1921ರಲ್ಲಿ ಬಿಳಿಯ ಕಲ್ಲಿನ ಸ್ಮಾರಕವೊಂದನ್ನು ನಿಲ್ಲಿಸಿ, ಅಷ್ಟೂ ಹೆಸರುಗಳನ್ನು ಬರೆಯಿಸಿತು. ಅದರ ನಕ್ಷೆಯನ್ನು ಮಾಡಿಕೊಟ್ಟವನು ಎಡ್ವಿನ್ ಲುಟ್ಯೆನ್ಸ್. ಹೊಸ ದೆಹಲಿಯಲ್ಲಿ ಈಗ ರಾಷ್ಟ್ರಪತಿಭವನವಾಗಿರುವ ಅರಮನೆಯನ್ನೂ ಇಂಡಿಯಾ ಗೇಟನ್ನೂ ಯೋಜಿಸಿದವನು ಆತನೇ. ನ್ಯೂವ್ ಶಾಪೆಲ್ಲಿನ ಭಾರತೀಯ ಸ್ಮಾರಕದ ಶಿಲ್ಪಿಯಾದ ಹರ್ಬರ್ಟ್ ಬೇಕರನೂ ದೆಹಲಿಯಲ್ಲಿ ಆತನ ಜತೆಗಾರನಾಗಿದ್ದವನು.

ಗಡವಾಲದ ಚಂಬಾದಲ್ಲಿ ಗಬರ್ ಸಿಂಹನ ಸ್ಮಾರಕವಿದೆ. ವರ್ಷವರ್ಷವೂ ಏಪ್ರಿಲ್ ತಿಂಗಳಲ್ಲಿ ಅಲ್ಲಿ ಆತನ ಹೆಸರಿನ ಜಾತ್ರೆ ಸೇರುತ್ತದೆ. ಬೆಟ್ಟದ ಹಳ್ಳಿಗಳಿಂದ ಹೆಂಗಸರು ಮಕ್ಕಳು ಬಂದು ಕೂಡುತ್ತಾರೆ. ಜೇಕಬ್ ರಿವರ್ಸನ ಹೆಸರಿನಲ್ಲಿ ಅಂತಹ ಜಾತ್ರೆಯಿಲ್ಲ. ಮಿಡ್‌ಲ್ಯಾಂಡ್ ಕಂಪನಿಯು ಕಲ್ಲನ್ನು ನಿಲ್ಲಿಸುವುದಕ್ಕೆ ಮೊದಲು ಇನ್ನೊಂದು ಕೆಲಸವನ್ನು ಮಾಡಿದ್ದಿತು. ಮಡಿದವರೆಲ್ಲರ ಹೆಸರುಗಳನ್ನು ಒಂದು ಪುಸ್ತಕವಾಗಿ ಅಚ್ಚುಹಾಕಿಸಿ, ಒಬ್ಬೊಬ್ಬನ ಮನೆಗೂ ಒಂದೊಂದು ಪ್ರತಿಯನ್ನು ಕಳುಹಿಸಿತು. ಇಂಜಿನು ನಡೆಸುತ್ತಿದ್ದವನ ಮನೆಗೂ, ಗುಮಾಸ್ತನ ಮನೆಗೂ, ಮೂಟೆ ಹೊರುವವನ ಮನೆಗೂ, ಜಲ್ಲಿ ಸುರಿಯುವವನ ಮನೆಗೂ ಹೋದುದು ಅದೇ ಪುಸ್ತಕ.